ಕುಂದಾಬಾಯಿ ಮತ್ತು ಕರಂಜಗಾಳಿಯ ಗುಡ್ಡ

ಟೆಲಿಫೋನ್ ಕಚೇರಿಯ ನೌಕರಿಯಿಂದ ಸ್ವಯಂ ನಿವೃತ್ತಿ ಪಡೆದು ಮನೆಗೆ ಬಂದಾಗ ಕುಂದಾಬಾಯಿಗೆ ದೊಡ್ಡ ಆಸೆಗಳೇನೂ ಇರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಒಂದಿಷ್ಟು ಹೊತ್ತು ಅಡ್ಡಾಗಬೇಕು, ಯಾರೂ ಎಬ್ಬಿಸಬಾರದು, ಅಷ್ಟೇ. ಹರೆಯದ ದಿನಗಳಿಂದ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಯಾರದೋ ದನಿಯನ್ನು ಇನ್ಯಾರಿಗೋ ಜೋಡಿಸುತ್ತ ಬಂದ ಹೆಂಗಸು. ಕನ್ನಡದವರಿಗೆ ಕನ್ನಡ, ಮರಾಠಿಯವರಿಗೆ ಮರಾಠಿ. ಸಾವಿನ ಸುದ್ದಿ, ಹೆರಿಗೆಯ ಸುದ್ದಿ, ಜಗಳ, ಎಲ್ಲವೂ ಆಕೆಯ ಕಿವಿಯ ಮೇಲೆಯೇ ಹಾದು ಹೋಗಿದ್ದವು. ಇನ್ನು ಸಾಕು ಅನಿಸಿತ್ತು.

ಆ ಮಧ್ಯಾಹ್ನದ ನಿದ್ದೆ ಒಂದು ವರ್ಷವೂ ಬಾಳಲಿಲ್ಲ. ಒಂದು ದಿನ ಕರಂಜಗಾಳಿಯ ಸಾತವ್ವ ಬೆಳಗಾವಿಯ ಶಹಾಪುರದ ಮನೆ ಹುಡುಕಿಕೊಂಡು ಬಂದಳು.

ಕರಂಜಗಾಳಿ ಇರುವುದು ಖಾನಾಪುರದಿಂದ ಲೋಂಡಾ ಕಡೆಗೆ ಹೋಗುವಾಗ ರಸ್ತೆ ಬಿಟ್ಟು ಒಳಗೆ, ಅಡವಿಗೆ ಹತ್ತಿಕೊಂಡು. ಸಾತವ್ವ ಅಲ್ಲಿನ ಕುರಿ ಕಾಯುವ ಮನೆತನದವಳು. ಅವಳ ಗಂಡ ರೈಲ್ವೆ ಗ್ಯಾಂಗಿನಲ್ಲಿ ಕೆಲಸಕ್ಕಿದ್ದು ದೂರದ ಊರುಗಳಿಗೆ ಹೋಗುತ್ತಿದ್ದ ಕಾಲದಲ್ಲಿ, ಅವನೊಂದಿಗೆ ಮಾತಾಡಲು ಖಾನಾಪುರದ ಟೆಲಿಫೋನ್ ಕಚೇರಿಗೆ ಬರುತ್ತಿದ್ದಳು. ಆಗ ಕುಂದಾಬಾಯಿ ಅಲ್ಲಿದ್ದರು. ಲೈನು ಸಿಗುವವರೆಗೆ ಇಬ್ಬರೂ ಹರಟುತ್ತಿದ್ದರು. ಆ ಗೆಳೆತನ ಹಾಗೆಯೇ ಉಳಿದಿತ್ತು.

"ಬಾಯಾರ, ನಮ್ಮ ಗುಡ್ಡಕ್ಕ ಮಷೀನ್ ಬಂದಾವ್ರಿ," ಎಂದಳು ಸಾತವ್ವ, ಬಾಗಿಲಲ್ಲಿ ಚಪ್ಪಲಿ ಬಿಡುತ್ತ. "ಕಲ್ಲ ಒಡ್ಯಾಕ ಪರವಾನಗಿ ಕೇಳ್ಯಾರಂತ. ಆ ಗುಡ್ಡದ ಬುಡಕ್ಕ ನಮ್ಮ ಝರಿ ಐತಿ. ಬ್ಯಾಸಗ್ಯಾಗ ಎರಡೂ ಓಣಿ ಅದೇ ನೀರ ಕುಡೀತಾವ."

"ನಾ ಏನ್ ಮಾಡ್ಲಿ ಸಾತವ್ವ? ನಾ ಫೋನ್ ಹಚ್ಚಿ ಕೊಡಾಕಿ."

"ಹಚ್ಚಿ ಕೊಡ್ರಿ ಮತ್ತ. ಯಾರಿಗೆ ಹಚ್ಚಬೇಕು ಅನ್ನೂದ ನಮಗ ತಿಳೀವಲ್ದು."

ಅಲ್ಲಿಂದ ಶುರುವಾಯಿತು. ಕುಂದಾಬಾಯಿ ತಾನು ಹೋರಾಟಗಾರ್ತಿ ಎಂದು ಎಂದೂ ಅಂದುಕೊಂಡವರಲ್ಲ. ಯಾವ ಕಚೇರಿಯಲ್ಲಿ ಯಾರನ್ನು ಕೇಳಬೇಕು ಎಂದು ವಿಚಾರಿಸಿದರು. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಆ ಇನ್ನೊಬ್ಬರು ರಜೆಯ ಮೇಲಿದ್ದರು. ಅಷ್ಟರಲ್ಲಿ ಒಂದು ದಿನ ತಿಳಿದುಬಂತು: ಕಲ್ಲಿನ ಕ್ವಾರಿಯ ಬಗ್ಗೆ ಊರವರ ಮಾತು ಕೇಳುವ ಅಹವಾಲು ಸಭೆ ಬೆಳಗಾವಿಯಲ್ಲೇ ನಡೆಯಲಿದೆ, ಒಂದು ಸಭಾಂಗಣದಲ್ಲಿ, ಅದೂ ಭತ್ತದ ನಾಟಿಯ ದಿನಗಳಲ್ಲಿ.

ಕರಂಜಗಾಳಿಯವರು ನಾಟಿ ಬಿಟ್ಟು ಟೆಂಪೋ ಹತ್ತಿ ಬಂದರು. ದಾರಿಯಲ್ಲಿ ಮಳೆ, ಟೆಂಪೋ ಪಂಕ್ಚರ್. ಬಂದು ಮುಟ್ಟಿದಾಗ ಸಭೆ ಮುಗಿದು, ಒಳಗೆ ಕುರ್ಚಿ ಜೋಡಿಸಿಡುತ್ತಿದ್ದರು. ಊರವರಿಂದ ಆಕ್ಷೇಪಣೆ ಬಂದಿಲ್ಲ ಎಂದು ಬರೆದಾಗಿತ್ತು. ಒದ್ದೆ ಸೆರಗು ಹಿಂಡುತ್ತ ನಿಂತ ಹೆಂಗಸರನ್ನು ನೋಡಿ ಕುಂದಾಬಾಯಿಗೆ ಸಿಟ್ಟು ಬಂತು. ಗುಡ್ಡದ ಮಾತು ಹಾಗಿರಲಿ, ಬಂದವರನ್ನು ಬಂದೇ ಇಲ್ಲ ಎಂದು ಬರೆದುಬಿಟ್ಟರಲ್ಲ?

"ಸಭಾ ನಮ್ಮೂರಾಗ ಆಗ್ಬೇಕು," ಎಂದ ಗಜಾನನ. ಅವನು ಕರಂಜಗಾಳಿಯ ಮೇಲಿನ ಓಣಿಯ ರೈತ, ಮನೆಮಾತು ಮರಾಠಿ. ಮಾತು ಕಡಿಮೆ, ಹಟ ಜಾಸ್ತಿ. "ಗುಡ್ಡ ಅಲ್ಲೈತಿ. ಸಾಹೇಬರು ಅಲ್ಲಿಗೇ ಬರ್ಲಿ."

ಅದೊಂದೇ ಬೇಡಿಕೆ ಹಿಡಿದು ಅವರು ಜಿಲ್ಲಾ ಕಚೇರಿಯ ಮುಂದೆ ಕೂತರು. ಒಮ್ಮೆ ಮೇಲಿನ ಓಣಿಯವರು, ಒಮ್ಮೆ ಕೆಳಗಿನ ಓಣಿಯವರು ಪಾಳಿ ಹಚ್ಚಿ ಬರುತ್ತಿದ್ದರು. ಕುಂದಾಬಾಯಿಗೆ ಪಾಳಿ ಇರಲಿಲ್ಲ. ಅವರು ದಿನವೂ ಹೋಗುತ್ತಿದ್ದರು. ಬೆಳಿಗ್ಗೆ ಅನ್ನ-ಸಾರು ಮಾಡಿಟ್ಟು, ಗಂಡ ಅವಧೂತರ ಸೀರೆ ಅಂಗಡಿಯ ಬಾಗಿಲು ತೆಗೆಯಲು ಕೈ ಹಚ್ಚಿ, ಬಸ್ಸು ಹಿಡಿಯುವುದು. ಉದ್ಯಮಬಾಗದ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಮಗಳು ಪೂರ್ವಾ ಸಂಜೆ ಬೈಕಿನಲ್ಲಿ ಬಂದು ಕರೆದುಕೊಂಡು ಹೋಗುತ್ತಿದ್ದಳು.

"ಆಯಿ, ನಿನ್ನ ಮಾರಿ ನೋಡ್ಕೋ ಒಮ್ಮೆ," ಎನ್ನುತ್ತಿದ್ದಳು ಪೂರ್ವಾ. "ಎಷ್ಟ್ ಇಳದದ ಗೊತ್ತದ ಏನು?"

ಬಿಸಿಲು ಹೋಗಿ ಮಳೆ ಬಂತು, ಮಳೆ ಹೋಗಿ ಚಳಿ ಬಂತು. ಅಧಿಕಾರಿಗಳು ಬದಲಾದರು. ಹೊಸಬರಿಗೆ ಮೊದಲಿನಿಂದ ಎಲ್ಲ ಹೇಳಬೇಕಾಯಿತು. ಕೊನೆಗೆ ಹಳೆಯ ಸಭೆ ರದ್ದಾಗಿ, ಊರಿನಲ್ಲೇ ಹೊಸ ಸಭೆ ಎಂಬ ಆದೇಶ ಬಂತು. ಸಾತವ್ವ ಪೇಢೆ ಹಂಚಿದಳು. ಕುಂದಾಬಾಯಿ ಮನೆಗೆ ಬಂದು, ಕಾಲು ತೊಳೆಯುವುದಕ್ಕೂ ಬೇಸರವಾಗಿ ಹಾಗೆಯೇ ಗೋಡೆಗೊರಗಿ ಕೂತರು.

ಊರಿನ ಒಗ್ಗಟ್ಟು ನಿಜವಾಗಿ ಮುರಿದುಬಿದ್ದದ್ದು ಆಮೇಲೆ. ಸಭೆಗೆ ಮುಂಚೆ ಊರಬಾಗಿಲಿಗೆ ಒಂದು ಬ್ಯಾನರ್ ಕಟ್ಟಬೇಕೆಂದು ಮಾತಾಯಿತು. ಯಾವ ಭಾಷೆಯಲ್ಲಿ? ಕರಂಜಗಾಳಿಯಲ್ಲಿ ಅದುವರೆಗೆ ಯಾರೂ ಈ ಪ್ರಶ್ನೆ ಕೇಳಿದವರಲ್ಲ. ಕೆಳಗಿನ ಓಣಿಯಲ್ಲಿ ಕನ್ನಡ, ಮೇಲಿನ ಓಣಿಯಲ್ಲಿ ಮರಾಠಿ. ಝರಿಯ ಹತ್ತಿರ ಕೊಡ ತುಂಬುವಾಗ ಎರಡೂ ಕೂಡಿ ಮೂರನೆಯದೊಂದು. ಆದರೆ ಕ್ವಾರಿಯ ಕಡೆಯವರು ಸುಮ್ಮನಿರಲಿಲ್ಲ. ಬೆಳಗಾವಿಯ ಬಾಯಿ ಮರಾಠಿಯವಳು, ಕನ್ನಡದವರನ್ನು ಮುಂದೆ ಬಿಟ್ಟು ಆಟ ಆಡಿಸುತ್ತಾಳೆ ಎಂದು ಕೆಳಗಿನ ಓಣಿಯಲ್ಲಿ ಸುದ್ದಿ ಹಬ್ಬಿಸಿದರು. ಆ ಬಾಯಿ ಕನ್ನಡದವರ ಕೈಗೊಂಬೆ ಎಂದು ಮೇಲಿನ ಓಣಿಯಲ್ಲಿ. ವಾರ ಕಳೆಯುವುದರೊಳಗೆ ಗಜಾನನನೂ ಸಾತವ್ವನ ತಮ್ಮ ಭರಮಣ್ಣನೂ ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಬಂದರು. ಎರಡೂ ಭಾಷೆಯಲ್ಲಿ ಬರೆದು ಕಟ್ಟಿದ ಬ್ಯಾನರಿನ ಮರಾಠಿ ಭಾಗವನ್ನು ಯಾರೋ ಹರಿದರು. ಗಜಾನನ ಮೀಟಿಂಗಿಗೆ ಬರುವುದನ್ನು ನಿಲ್ಲಿಸಿದ.

ಕುಂದಾಬಾಯಿ ಅವನ ಮನೆಗೆ ಹೋದರು. ಅವನು ಅಂಗಳದಲ್ಲಿ ಕುಡುಗೋಲು ಮಸೆಯುತ್ತಿದ್ದ. ತಲೆ ಎತ್ತಲಿಲ್ಲ.

"ಗಜಾನನ, ಗುಡ್ಡ ಹೋದ್ರ ಎರಡೂ ಓಣಿ ನೀರ ಹೋಗ್ತದಪಾ."

"ಖರೇ ಅದ ಬಾಯಿ. ಆದ್ರ ನನ್ನ ಭಾಷಾ ಹರದ ಒಗದ್ರಲಾ."

"ನನಗೂ ಅದೇ ಭಾಷಾ ಅಲ್ಲೇನು?"

"ನಿಮಗ ಎರಡೂ ಅದಾವ. ನಿಮಗ ತಿಳಿಯೂದಿಲ್ಲ."

ಗಜಾನನನ ತಾಯಿ ಒಳಗಿನಿಂದ ಮಜ್ಜಿಗೆ ತಂದುಕೊಟ್ಟಳು. ಕುಂದಾಬಾಯಿ ಕುಡಿದು ಎದ್ದು ಬಂದರು. ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಕಣ್ಣೆದುರಿಗೇ ಹೊರಟುಹೋದರೂ ಹತ್ತುವ ಮನಸ್ಸಾಗದೆ ಕೂತೇ ಇದ್ದರು. ಜೀವಮಾನವಿಡೀ ಎರಡು ಮಾತುಗಳ ನಡುವೆ ಕೂತು ಮಾಡಿದ ಕೆಲಸವನ್ನೇ ಈಗ ಮೋಸ ಅನ್ನುತ್ತಿದ್ದಾರೆ ಅನಿಸಿ, ಸಿಟ್ಟು ಕೂಡ ಬಾರದಷ್ಟು ಆಯಾಸವಾಯಿತು.

"ಬಿಟ್ಟಬಿಡು ಕುಂದಾ," ಎಂದರು ಅವಧೂತ ಅಂದು ಊಟಕ್ಕೆ ಕೂತಾಗ. "ಯಾರು ನಿನಗ ಈ ಕೆಲಸ ಹಚ್ಚ್ಯಾರ?"

"ಯಾರೂ ಇಲ್ಲ. ಅದಕ್ಕ ಬಿಡಾಕ ಬರವಲ್ದು."

ಸಭೆಯ ದಿನ ಶಾಲೆಯ ಬಯಲಿನಲ್ಲಿ ಪೆಂಡಾಲ್ ಹಾಕಿದ್ದರು. ಮುಂದಿನ ಕುರ್ಚಿಗಳಲ್ಲೆಲ್ಲ ಯಾರೂ ಗುರುತಿಸದ ಜನ, ಹೊರಗಿನಿಂದ ಗಾಡಿಯಲ್ಲಿ ಬಂದವರು. ಊರವರು ಹಿಂದೆ ನಿಂತಿದ್ದರು, ಅದೂ ಎರಡು ಗುಂಪಾಗಿ. ಅಧಿಕಾರಿ ಶಾಂತ ಮನುಷ್ಯ, ಕೆಲಸ ಮುಗಿಸಿ ಹೊರಡುವ ಅವಸರದಲ್ಲಿದ್ದ. ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಎದ್ದು, ಕ್ವಾರಿ ಬರಲಿ, ಊರು ಉದ್ಧಾರವಾಗಲಿ ಎಂದರು.

ಆಗ ಗಜಾನನನ ತಾಯಿ ಎದ್ದಳು. ಯಾರೂ ಕರೆದಿರಲಿಲ್ಲ. ಮೈಕಿನ ಹತ್ತಿರ ಹೋಗಿ ಮರಾಠಿಯಲ್ಲಿ ಶುರು ಮಾಡಿದಳು. ಅಧಿಕಾರಿ ಕೈ ಎತ್ತಿದ. "ಅಜ್ಜಿ, ಕನ್ನಡದಲ್ಲಿ ಹೇಳಿ. ನಮಗೆ ಬರ್ಕೋಬೇಕು."

ಅಜ್ಜಿಗೆ ಸಂತೆಯಷ್ಟು ಕನ್ನಡ ಬರುತ್ತಿತ್ತು, ಸಭೆಯಷ್ಟು ಬರುತ್ತಿರಲಿಲ್ಲ. ತಡವರಿಸಿದಳು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಕುಂದಾಬಾಯಿ ಥಟ್ಟನೆ ಎದ್ದು, "ನಾ ಹೇಳ್ತೀನ್ರಿ ಅವರ ಮಾತು," ಎಂದರು.

"ಇವರು ಈ ಊರವರಲ್ರೀ! ಹೊರಗಿನವರನ್ನ ಮಾತಾಡಸಬ್ಯಾಡ್ರಿ!" ಗಾಡಿಯಲ್ಲಿ ಬಂದಿದ್ದವನೊಬ್ಬ ಕೂಗಿದ. ಉಳಿದವರು ದನಿಗೂಡಿಸಿದರು.

ಅಧಿಕಾರಿ ಕೇಳಿದ. "ನೀವು ಇದೇ ಊರಿನವರಾ, ಮೇಡಂ?"

"ಅಲ್ರೀ. ಶಹಾಪುರದಾಕಿ."

"ಹಾಗಾದರೆ ಕೂತ್ಕೊಳ್ಳಿ."

ಕುಂದಾಬಾಯಿ ಕೂತರು. ಇಷ್ಟು ದಿನ ಇದಕ್ಕಾಗಿಯೇ ಬಂದು, ಇಂಥ ಹೊತ್ತಿಗೆ ಬಾಯಿ ಮುಚ್ಚಿಕೊಂಡು ಕೂಡುವಂತಾಯಿತಲ್ಲ ಅನಿಸಿತು.

ಹಿಂದಿನಿಂದ ಸಾತವ್ವ ಜನರನ್ನು ಸರಿಸುತ್ತ ಬಂದಳು. ಭರಮಣ್ಣ ಅವಳ ತೋಳು ಹಿಡಿದದ್ದು ಕುಂದಾಬಾಯಿಗೆ ಕಂಡಿತು. ಅವಳು ಕೊಡವಿಕೊಂಡದ್ದೂ ಕಂಡಿತು. "ನಾ ಈ ಊರಾಕಿ ಅದೀನ್ರಿ ಸಾಹೇಬ್ರ. ಆಯಿ ಹೇಳ್ಲಿ, ನಾ ಕನ್ನಡ ಮಾಡ್ತೇನಿ."

ಅಜ್ಜಿ ಹೇಳಿದಳು, ಸಾತವ್ವ ಹೇಳಿದಳು. ತಾನು ಮದುವೆಯಾಗಿ ಬಂದ ವರ್ಷ ಬಾವಿಗಳೆಲ್ಲ ಬತ್ತಿದ್ದವು, ಝರಿ ಮಾತ್ರ ನಿಂತಿರಲಿಲ್ಲ ಎಂದಳು ಅಜ್ಜಿ. ಸಾತವ್ವ ಅದರ ಜೊತೆಗೆ ತನ್ನ ಕುರಿಗಳನ್ನೂ ಸೇರಿಸಿದಳು. ಅಜ್ಜಿ ಒಂದು ಮಾತಂದರೆ ಇವಳು ನಾಲ್ಕು. ಮುಂದೆ ಕೂತವರನ್ನು ತೋರಿಸಿ, "ಇವರ ಮನಿ ಯಾವ ಓಣ್ಯಾಗ ಅದಾವ ಕೇಳ್ರಿ ಸಾಹೇಬ್ರ," ಎಂದದ್ದು ಅಜ್ಜಿಯ ಮಾತೇ ಅಲ್ಲ. ಅರ್ಧ ತಪ್ಪು ತಪ್ಪಾಗಿಯೇ ಹೇಳುತ್ತಿದ್ದಳು. ತಿದ್ದಬೇಕೆಂದು ಕುಂದಾಬಾಯಿಯ ನಾಲಿಗೆ ತುರಿಸಿತು. ತಡೆದುಕೊಂಡರು. ಮೇಲಿನ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಮೈಕಿನ ಕಡೆ ಸರಿಯತೊಡಗಿದರು. ಸಾತವ್ವ ಗಂಟಲು ಬೀಳುವವರೆಗೆ ಅವರೆಲ್ಲರ ಮಾತನ್ನೂ ಕನ್ನಡ ಮಾಡಿದಳು. ಗಜಾನನ ಬಂದು ಮುಂದಿನ ಸಾಲಿನವನೊಬ್ಬನನ್ನು ಎಬ್ಬಿಸಿ, ತಾಯಿಯನ್ನು ಆ ಕುರ್ಚಿಯಲ್ಲಿ ಕೂಡಿಸಿದ. ಭರಮಣ್ಣನ ಕಡೆ ನೋಡಲಿಲ್ಲ.

ತಿಂಗಳುಗಳು ಕಳೆದ ಮೇಲೆ ಆದೇಶ ಬಂತು. ಕ್ವಾರಿಗೆ ಪರವಾನಗಿ ಕೊಡಲಿಲ್ಲ. ಹಾಗೆಂದು ಅರ್ಜಿಯನ್ನು ತಳ್ಳಿಯೂ ಹಾಕಲಿಲ್ಲ, ನೀರಿನ ಅಧ್ಯಯನ ಆಗಲಿ ಎಂದರು. ಮಷೀನುಗಳು ಗುಡ್ಡದಿಂದ ಇಳಿದವು, ಊರು ಬಿಟ್ಟು ಹೋಗಲಿಲ್ಲ. ರಸ್ತೆಯ ಪಕ್ಕ ತಾಡಪತ್ರಿ ಹೊದ್ದು ನಿಂತವು. ಗಜಾನನ, ಭರಮಣ್ಣ ಈಗಲೂ ಮಾತಾಡುವುದಿಲ್ಲ. ಮೀಟಿಂಗಿಗೆ ಮಾತ್ರ ಇಬ್ಬರೂ ಬರುತ್ತಾರೆ, ಬೇರೆ ಬೇರೆ ಮೂಲೆಯಲ್ಲಿ ಕೂಡುತ್ತಾರೆ.

ಮೊನ್ನೆ ಬೆಳಿಗ್ಗೆ ಸಾತವ್ವನ ಫೋನ್ ಬಂತು. ಅಧ್ಯಯನಕ್ಕೆ ಬಂದವರು ಝರಿಯ ಹತ್ತಿರಕ್ಕೂ ಹೋಗದೆ ತಿರುಗಿ ಹೋದರಂತೆ. ಬೆಳಗಾವಿಗೆ ಹೋಗಿ ಕೇಳಬೇಕಂತೆ.

"ಸಾತವ್ವ, ನನಗ ಈ ಸಲ ಆಗೂದಿಲ್ಲ," ಎಂದರು ಕುಂದಾಬಾಯಿ.

"ಬರಬ್ಯಾಡ್ರಿ ಬಾಯಾರ. ಇವತ್ತ ನಾನೂ ಗಜಾನನನ ಆಯಿನೂ ಹೋಗ್ತೇವಿ. ಕಚೇರಿ ಎಷ್ಟನೇ ಮಾಳಗಿ ಮ್ಯಾಲ ಐತಿ, ಅಷ್ಟ ಹೇಳ್ರಿ."

ಹೇಳಿದರು. ದಿನವಿಡೀ ಒಂದು ಕೆಲಸಕ್ಕೂ ಮನಸ್ಸು ನಿಲ್ಲಲಿಲ್ಲ. ಸಂಜೆ ತಾವೇ ಫೋನ್ ಮಾಡಿದರು. ಇಬ್ಬರನ್ನೂ ಮಧ್ಯಾಹ್ನದವರೆಗೆ ಕೂಡಿಸಿ, ಸಾಹೇಬರಿಲ್ಲ, ಸೋಮವಾರ ಬರ್ರಿ ಎಂದು ಕಳಿಸಿದ್ದರಂತೆ. ಆಯಿಗೆ ಮೆಟ್ಟಿಲು ಹತ್ತಿ ಸುಸ್ತಾಗಿತ್ತಂತೆ.

"ಸೋಮವಾರ ಮತ್ತ ಹೋಗ್ತೀರೇನು?"

"ಹೋಗಬೇಕಲ್ರೀ," ಎಂದಳು ಸಾತವ್ವ, ಕುರಿಗೆ ಮೇವು ಹಾಕುವ ವಿಷಯ ಹೇಳಿದಷ್ಟು ಸಹಜವಾಗಿ. ಆಚೆಯಿಂದ ಬಸ್ಸಿನ ಹಾರ್ನ್ ಕೇಳಿಸಿತು, ಖಾನಾಪುರದ ಬಸ್ಸು ಬಂತೆಂದು ಲೈನು ಕತ್ತರಿಸಿದಳು.