ಸರಸತ್ತೆಯ ನಾಲ್ಕನೇ ಪ್ಲಗ್ಗು

ಉಪ್ಪಿನಕಾಯಿ ಜಾಡಿಯ ತಳದಲ್ಲಿ ಉಳಿದ ಕೊನೆಯ ಹೋಳನ್ನು ಹುಡುಕುವವರ ಮುಖ ನೋಡಿದ್ದೀರಾ? ಕಣ್ಣು ಮುಚ್ಚಿರುತ್ತದೆ, ಬಾಯಿ ಒಂದು ಕಡೆಗೆ ಸೊಟ್ಟಗಾಗಿರುತ್ತದೆ, ಜೀವವೆಲ್ಲ ಬೆರಳ ತುದಿಗೆ ಬಂದಿರುತ್ತದೆ. ನಮ್ಮ ಸರಸತ್ತೆ ತನ್ನ ಕಾರಿನ ನಾಲ್ಕನೇ ಸ್ಪಾರ್ಕ್ ಪ್ಲಗ್ಗು ಬದಲಾಯಿಸುವಾಗ ಥೇಟ್ ಹಾಗೇ ಕಾಣುತ್ತಿದ್ದಳು. ವಿಜಯನಗರದ ನಮ್ಮ ಮನೆಯಂಗಳದಲ್ಲಿ ಚಾಪೆ ಹಾಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ, ಮೊಣಕೈವರೆಗೆ ಎಂಜಿನ್ನಿನೊಳಗೆ.

ಎಂಜಿನ್ನು ಹಿಂದೆ, ಡಿಕ್ಕಿ ಮುಂದೆ ಇದ್ದ ಹಳೆಯ ಪರದೇಶದ ಕಾರು ಅದು. ಮೂರು ಪ್ಲಗ್ಗುಗಳು ಹೇಗೋ ಕೈಗೆ ಸಿಗುತ್ತಿದ್ದವು. ನಾಲ್ಕನೆಯದು ತಗಡಿನ ಹಿಂದೆ, ಕಣ್ಣಿಗೆ ಬೀಳದ ಮೂಲೆಯಲ್ಲಿ. ಅತ್ತೆ ಹೊಸ ಪ್ಲಗ್ಗಿನ ತಲೆಗೆ ಒಂದು ತುಂಡು ರಬ್ಬರ್ ಪೈಪು ಸಿಕ್ಕಿಸಿ, ಪೈಪನ್ನೇ ಮೆಲ್ಲಗೆ ತಿರುಗಿಸುತ್ತಾ ಅದನ್ನು ತೂತಿಗೆ ಕೂರಿಸುತ್ತಿದ್ದಳು. ಓರೆಯಾಗಿ ಕೂತರೆ ಪೈಪು ಜಾರುತ್ತಿತ್ತು, ಮತ್ತೆ ಮೊದಲಿನಿಂದ. ನಾನು ಪಕ್ಕದಲ್ಲಿ ನಿಂತು ಚಿಂತೆಯ ಕೆಲಸ ನೋಡಿಕೊಳ್ಳುತ್ತಿದ್ದೆ.

"ಅತ್ತೆ, ಇನ್ನೊಂದು ಸುತ್ತು ಬಿಗಿ ಮಾಡು. ದಾರೀಲಿ ಕಳಚ್ಕೊಂಡ್ರೆ?"

"ಇನ್ನೊಂದು ಸುತ್ತಿಗೆ ಥ್ರೆಡ್ಡೇ ಹೋಗತ್ತೆ ಕಣೋ ಸೀನ. ನಿನ್ನ ತಲೇಲಿ ಹೋಗಿದ್ಯಲ್ಲ, ಹಾಗೆ."

ಆಗ ನನಗೆ ಮೀಸೆ ಬಂದಿತ್ತು, ಆಫೀಸಿನ ಕೆಲಸ ಸಿಕ್ಕಿತ್ತು, ಧೈರ್ಯವೊಂದು ಬರಬೇಕಿತ್ತು. ಈಗ ಮೀಸೆ ನರೆತಿದೆ. ಧೈರ್ಯದ ದಾರಿ ಇನ್ನೂ ಕಾಯುತ್ತಿದ್ದೇನೆ.

ಕಾರು ಮಾವನದು. ಅವರು ತೀರಿಕೊಂಡ ಮೇಲೆ ಅತ್ತೆ ನಮ್ಮ ಮನೆಯ ಹಿಂದಿನ ಕೋಣೆಗೆ ಬಂದಳು. ಆಗಿನ ಪದ್ಧತಿಯಂತೆ ಹೂವು ಬಿಟ್ಟಳು, ಕುಂಕುಮ ಬಿಟ್ಟಳು, ಕಾರು ಬಿಡಲಿಲ್ಲ. ರಾಜಾಜಿನಗರದ ಸ್ಕೂಲಿಗೆ ಗಣಿತ ಹೇಳಿಕೊಡಲು ಅದರಲ್ಲೇ ಹೋಗಿಬರುತ್ತಿದ್ದಳು. ಗಂಡನಿಲ್ಲದ ತಂಗಿ ಹಾಗೆ ಹಾರನ್ ಹೊಡೆದುಕೊಂಡು ಓಡಾಡುವುದು ಅಪ್ಪನಿಗೆ ಸರಿಬರುತ್ತಿರಲಿಲ್ಲ. ಒಂದು ವರ್ಷ ನವರಾತ್ರಿಯ ಹೊತ್ತಿಗೆ, "ನಾಯಂಡಹಳ್ಳೀಲಿ ಗಿರಾಕಿ ನೋಡಿದೀನಿ, ಮಾರಿಬಿಡು ಸರಸೂ" ಎಂದರು.

"ಆಯುಧಪೂಜೆ ದಿನ ಕೆಂಗೇರಿವರೆಗೆ ಹೋಗಿಬರ್ತೀನಿ ಅಣ್ಣ. ದಾರೀಲಿ ನಿಂತ್ರೆ ಮಾರೋಣ. ನಿಲ್ದೇ ಬಂದ್ರೆ ಇನ್ನು ಈ ಮಾತು ಎತ್ತಬಾರದು."

ಅಪ್ಪ ಒಪ್ಪಿದರು. ಅತ್ತೆ ನಾಲ್ಕು ಹೊಸ ಪ್ಲಗ್ಗು ತಂದು ದೇವರ ಮುಂದಿಟ್ಟಳು. ಅಮ್ಮ ಸುತ್ತಿಗೆ, ಸ್ಪ್ಯಾನರು, ಈಳಿಗೆಮಣೆಗಳ ಜೊತೆಗೆ ಅವಕ್ಕೂ ಕಲಸಿದ ಕುಂಕುಮ ಹಚ್ಚಿದಳು, ಅದೂ ಕಿಡಿ ಹಾರುವ ತುದಿಗೇ. ಮೂರನ್ನು ಅತ್ತೆ ಒರೆಸಿ ಎಂಜಿನ್ನಿಗೆ ಕೂರಿಸಿದಳು. ಅದನ್ನು ನೋಡಿ ಅಮ್ಮನಿಗೆ ಕಸಿವಿಸಿ. ನಾಲ್ಕನೆಯದಕ್ಕೆ ಅಮ್ಮ ಇನ್ನೊಂದು ಬೊಟ್ಟಿಟ್ಟೇ, ಅತ್ತೆ ಕಣ್ಣು ಮುಚ್ಚಿ ಹಿಂದಕ್ಕೆ ಚಾಚಿದ ಕೈಗೆ ಕೊಟ್ಟಳು.

ಕಾರು ನಿಂಬೆಹಣ್ಣು ತುಳಿದು ಗೇಟಿನ ತನಕ ಕೆಮ್ಮಿಕೊಂಡು ಹೋಗಿ ನಿಂತಿತು.

"ಕೆಂಗೇರಿ ಬಂತೇನಮ್ಮಾ?" ಎಂದರು ಅಪ್ಪ.

ಅತ್ತೆ ಇಳಿದು ಮತ್ತೆ ಕೈ ಹಾಕಿದಳು. ಬಿಸಿ ಎಂಜಿನ್ನು, "ಹಾ" ಎಂದಳು, ಕೈ ಮಾತ್ರ ತೆಗೆಯಲಿಲ್ಲ. ಪ್ಲಗ್ಗು ಹೊರಬಂದಾಗ ತುದಿಯಲ್ಲಿ ಕೆಂಪಗೆ ಮೆತ್ತಿಕೊಂಡಿತ್ತು. ಒರೆಸಲು ಸೆರಗೆತ್ತಿದಳು.

"ಅಯ್ಯೋ, ಪೂಜೆ ಕುಂಕುಮ ಕಣೇ! ಬಿಸಾಕ್ಬೇಡ್ವೇ!" ಅಮ್ಮ ಕೂಗಿದಳು.

"ಬಿಸಾಕಲ್ಲ ಅತ್ತಿಗೆ."

ಬೆರಳಲ್ಲಿ ಬಳಿದು ತೆಗೆದು ಹಣೆಗಿಟ್ಟುಕೊಂಡಳು. ಗ್ರೀಸು ಸೇರಿ ಅರ್ಧ ಕೆಂಪು, ಅರ್ಧ ಕಪ್ಪು. ಬೀದಿಯವರೆಲ್ಲ ತಂತಮ್ಮ ಗಾಡಿಗಳ ಪೂಜೆ ಬಿಟ್ಟು ಇತ್ತಲೇ ನೋಡುತ್ತಿದ್ದರು. ಅಪ್ಪ ಬಾಯಿ ತೆರೆದರು. ಅಷ್ಟರಲ್ಲಿ ಅಮ್ಮ ಇಬ್ಬರ ನಡುವೆ ಬಂದು ನಿಂತಳು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅಮ್ಮ ನಾದಿನಿಯ ಗಲ್ಲ ಹಿಡಿದು, "ಸೊಟ್ಟಗಿಟ್ಕೊಂಡಿದೀಯ," ಎಂದು ಹೆಬ್ಬೆರಳಿನಿಂದ ಬೊಟ್ಟನ್ನು ಸರಿಮಾಡುತ್ತಿದ್ದಳು.

"ಗಾಡಿ ನಿಂತಿತಲ್ಲ?" ಎಂದರು ಅಪ್ಪ, ಕ್ಷೀಣವಾಗಿ.

"ಗೇಟಲ್ಲಿ ನಿಂತಿದ್ದು ಲೆಕ್ಕಕ್ಕಿಲ್ಲ. ನೀವು ಒಳಗೆ ನಡೀರಿ," ಎಂದಳು ಅಮ್ಮ.

ಅತ್ತೆ ಕೆಂಗೇರಿಗೆ ಹೋಗಿಬಂದಳು. ಟೈರು, ಪೆಟ್ರೋಲು, ಎದುರಿನ ಲಾರಿ ಎಲ್ಲದರ ಚಿಂತೆ ಹೊತ್ತು ನಾನೂ ಜೊತೆಗಿದ್ದೆ. ಮಾರುವ ಮಾತು ಮತ್ತೆ ಬರಲಿಲ್ಲ.

ನಾನು ಅವಳನ್ನು ಕೊನೆಯ ಸಲ ನೋಡಿದ್ದು ಕೆಲವು ವರ್ಷಗಳ ಮೇಲೆ ಒಂದು ಮಳೆಗಾಲದಲ್ಲಿ, ನಾನು ಬೇರೆ ಹೋಗಿದ್ದ ಬಸವೇಶ್ವರನಗರದ ಬಾಡಿಗೆ ಮನೆಯ ಮುಂದೆ, ನನ್ನನ್ನು ಇಳಿಸಿ ಹೊರಟಾಗ.

"ಅತ್ತೆ, ಬ್ರೇಕು ಕಿರ್ ಅಂತಿತ್ತು."

"ಅದು ನಿನ್ನ ಹಲ್ಲಿನ ಸದ್ದು ಕಣೋ. ಬಾಗಿಲು ಹಾಕು."

ಆ ಮಳೆಗಾಲ ಮುಗಿಯುವ ಮುಂಚೆ ಜ್ವರ ಬಂದು ಹೋಗಿಬಿಟ್ಟಳು. ಇನ್ನು ಕಾರು ಮಾರಲು ಅಪ್ಪನಿಗೆ ಯಾರ ಅಡ್ಡಿಯೂ ಇರಲಿಲ್ಲ. ಆದರೆ ಪ್ರತಿ ಭಾನುವಾರ ಬೆಳಿಗ್ಗೆ ಅವರು ಅದರಲ್ಲಿ ಕೂತು ಸ್ಟಾರ್ಟ್ ಮಾಡುತ್ತಿದ್ದರು. ಸ್ವಲ್ಪ ಹೊತ್ತು ಸದ್ದು ಕೇಳಿ, ಆಫ್ ಮಾಡಿ, ಇಳಿದು ಬರುತ್ತಿದ್ದರು. ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ.