ಮುಖದ ಪಾಠಕ್ಕೆ ರಾಮನಗರಕ್ಕೆ ಹೋಗಿ ಬಂದದ್ದು

ಮಾಗಡಿ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಆರೂಮುಕ್ಕಾಲಿಗೆ ರಾಮನಗರದ ಬಸ್ಸು ಹತ್ತಿದೆ. ಕಂಡಕ್ಟರ್‌ಗೆ ಆಧಾರ್ ಕಾರ್ಡ್ ತೋರಿಸಿದ್ದಕ್ಕೆ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟರು. ಮೂವತ್ತು ವರ್ಷಗಳ ಹಿಂದೆ ಇದೇ ದಾರಿಯಲ್ಲಿ ನರ್ಸಿಂಗ್ ಓದಲು ಹೊರಟಾಗ ಪಕ್ಕದಲ್ಲಿ ಅಪ್ಪ ಇದ್ದರು, ಕಾಲಡಿಯಲ್ಲಿ ತಗಡಿನ ಟ್ರಂಕ್ ಇತ್ತು, ಮತ್ತು ನಾನು ದಾರಿಯುದ್ದಕ್ಕೂ ಅತ್ತಿದ್ದೆ. ಈ ಸಲ ಅಳುವ ಕಾರ್ಯಕ್ರಮ ಇರಲಿಲ್ಲ. ಕೈಚೀಲದಲ್ಲಿ ಎರಡು ಜೊತೆ ಬಟ್ಟೆ, ಮೊಣಕಾಲಿಗೆ ಹಚ್ಚುವ ಮುಲಾಮು, ದಾರಿಗೆ ಚಪಾತಿ ಇಷ್ಟೇ ಇದ್ದವು.

ಹೊರಟಿದ್ದು ಎರಡು ದಿನದ ತರಬೇತಿಗೆ. ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಚರ್ಮದ ವಿಭಾಗಕ್ಕೆಂದು ಒಂದು ಕೋಣೆಗೆ ಸುಣ್ಣ ಬಣ್ಣ ಹೊಡೆಸಿದ್ದರು. ವಾರಕ್ಕೆರಡು ಸಲ ಚರ್ಮದ ಡಾಕ್ಟರು ಬರುತ್ತಾರೆ, ಅವರ ಕೈಕೆಳಗೆ ಮುಖದ ಕಲೆ, ಬಂಗು, ಮೊಡವೆಗಳ ಆರೈಕೆ ಗೊತ್ತಿರುವ ಒಬ್ಬ ನರ್ಸ್ ಬೇಕು. ಪ್ರಾಕ್ಟಿಕಲ್ ಪಾಸಾಗಿ ಸರ್ಟಿಫಿಕೇಟ್ ತಂದವರಿಗೆ ಆ ಕೋಣೆ. ಹಗಲು ಕೆಲಸ, ಕೂರಲು ಕುರ್ಚಿ. ಐವತ್ತೆರಡರ ವಯಸ್ಸಿನಲ್ಲಿ ರಾತ್ರಿ ಪಾಳಿಗೆ ಮೆಟ್ಟಿಲು ಹತ್ತಿಳಿದು ನನ್ನ ಮೊಣಕಾಲು ಮಾತು ಕೇಳುವುದನ್ನು ಬಿಟ್ಟಿತ್ತು. ನಾಚಿಕೆ ಬಿಟ್ಟು ನನ್ನ ಹೆಸರನ್ನು ನಾನೇ ಬರೆಸಿದೆ. ತರಬೇತಿ ರಾಮನಗರದಲ್ಲಿ ಎಂದು ತಿಳಿದಾಗಲಂತೂ ಆಸೆ ಇಮ್ಮಡಿಯಾಯಿತು, ಏಕೆಂದರೆ ನಾನು ಓದಿದ ಊರು ಅದು.

ಮೂವತ್ತೈದು ಕಿಲೋಮೀಟರಿನ ಆಸುಪಾಸು ದಾರಿ, ಬಸ್ಸಿಗೆ ಒಂದು ಗಂಟೆಯ ಮೇಲಾಯಿತು. ಶಿವರಾತ್ರಿ ಮುಗಿದು ವಾರವಾಗಿತ್ತು, ಮಾವಿನ ತೋಪುಗಳೆಲ್ಲ ಹೂ ಬಿಟ್ಟಿದ್ದವು. ಹಿಪ್ಪುನೇರಳೆ ತೋಟ, ಹುಳು ಸಾಕುವ ಶೆಡ್ಡು, ಬಂಡೆ, ಮತ್ತೆ ಬಂಡೆ. ಊರು ಹತ್ತಿರವಾದಂತೆ ಕಿಟಕಿಯಿಂದ ಬೇಯುವ ರೇಷ್ಮೆಗೂಡಿನ ವಾಸನೆ ಬಂತು. ಮೊದಲ ವರ್ಷ ಆ ವಾಸನೆಗೆ ಹೊಟ್ಟೆ ತೊಳಸಿ ಹಾಸ್ಟೆಲ್ಲಿನಲ್ಲಿ ಎರಡು ದಿನ ಊಟ ಬಿಟ್ಟಿದ್ದೆ. ಈಗ ಮೂಗು ಅದನ್ನು ತವರಿನ ವಾಸನೆಯಂತೆ ಎಳೆದುಕೊಂಡಿತು. ಪಕ್ಕದ ಸೀಟಿನ ಹೆಂಗಸು ಸೆರಗು ಮುಚ್ಚಿಕೊಂಡು ನನ್ನ ಕಡೆ ವಿಚಿತ್ರವಾಗಿ ನೋಡಿದಳು.

ತರಬೇತಿ ಒಂದು ನರ್ಸಿಂಗ್ ಕಾಲೇಜಿನ ಹಾಲಿನಲ್ಲಿ. ನಾವು ಹದಿನಾಲ್ಕು ಜನ, ನನ್ನನ್ನು ಬಿಟ್ಟು ಉಳಿದವರೆಲ್ಲ ನನ್ನ ಮಗಳ ವಯಸ್ಸಿನವರು. ಪಕ್ಕದಲ್ಲಿ ಕೂತವಳು ಶಿಲ್ಪ, ಮರಳವಾಡಿಯ ಹುಡುಗಿ, ಕನಕಪುರದ ಆಸ್ಪತ್ರೆಯೊಂದರಲ್ಲಿ ಕೆಲಸ. ಎರಡು ಬಸ್ಸು ಬದಲಿಸಿ ಬಂದಿದ್ದಳು. "ಅಕ್ಕ, ನೀವು ಪಾಠ ಹೇಳಕ್ ಬಂದೋರು ಅನ್ಕಂಡಿದ್ದೆ, ಎದ್ದು ನಿಂತ್ಕಂಬುಟ್ಟಿದ್ದೆ," ಎಂದು ನಕ್ಕಳು. ಅವಳು ತಂದಿದ್ದ ಚಕ್ಕುಲಿಯನ್ನು ಮೊದಲ ಗಂಟೆಯಲ್ಲೇ ಇಬ್ಬರೂ ಮುಗಿಸಿದೆವು.

ಪಾಠ ಹೇಳಿದ್ದು ಬೆಂಗಳೂರಿನಿಂದ ಬಂದ ಚರ್ಮದ ಡಾಕ್ಟರ್, ಮೂವತ್ತೈದರ ಹೆಣ್ಣುಮಗಳು. ಬಿಳಿ ಮಾಡುತ್ತೇವೆ ಎಂದು ಯಾರಿಗೂ ಮಾತು ಕೊಡಬೇಡಿ, ನಮ್ಮ ಕೆಲಸ ಚರ್ಮವನ್ನು ಆರೋಗ್ಯವಾಗಿ ಇಡುವುದು ಎಂದು ಶುರುಮಾಡಿದರು. ಅಂಗಡಿಯ ಕ್ರೀಮ್ ತಿಂಗಳುಗಟ್ಟಲೆ ಹಚ್ಚಿ ಮುಖ ತೆಳ್ಳಗಾಗಿ ಕೆಂಪಾದವರ ಫೋಟೋ ತೋರಿಸಿದರು. ಆಮೇಲೆ ಪೀಲ್. ಹಣ್ಣಿನ ಆಮ್ಲದಂಥ ಒಂದು ದ್ರವವನ್ನು ಬ್ರಷ್ಷಿನಿಂದ ಮುಖಕ್ಕೆ ಸವರಿ, ಗಡಿಯಾರ ನೋಡುತ್ತ ಮೂರು ನಿಮಿಷ ಬಿಟ್ಟು, ಅಡುಗೆ ಸೋಡಾ ಬೆರೆಸಿದ ನೀರಿನಿಂದ ತಣಿಸಬೇಕು. ಮೇಲಿನ ಸತ್ತ ಪದರ ನಿಧಾನಕ್ಕೆ ಉದುರಿ ಕಲೆ ತಿಳಿಯಾಗುತ್ತದೆ. ಹೆಚ್ಚು ಹೊತ್ತಾದರೆ ಸುಡುತ್ತದೆ, ನಮ್ಮಂಥ ಬಣ್ಣದವರಿಗೆ ಸುಟ್ಟ ಜಾಗ ಮೊದಲಿಗಿಂತ ಕಪ್ಪಾಗುತ್ತದೆ. ಅದಕ್ಕೇ ಪ್ರತಿ ಅರ್ಧ ನಿಮಿಷಕ್ಕೆ ಉರಿ ಹತ್ತಕ್ಕೆ ಎಷ್ಟು ಎಂದು ಕೇಳಬೇಕು. ಆರು ದಾಟಿದರೆ ತಣಿಸಬೇಕು.

ಮಧ್ಯಾಹ್ನ ಗೊಂಬೆಯ ಮೇಲೆ ಅಭ್ಯಾಸ. ಗೊಂಬೆಯನ್ನು ಮಲಗಿಸಿ, ಬಿಳಿ ಹೊದಿಕೆ ಹೊದಿಸಿ, ನನಗರಿವಿಲ್ಲದೆ ಅದನ್ನು ಕಾಲಿನ ಕಡೆಯಿಂದ ಮೊಣಕಾಲವರೆಗೆ ಮಡಚಿದೆ.

"ಸಿಸ್ಟರ್, ಹೊದಿಕೆ ಪಾದದವರೆಗೂ ಇರಲಿ, ಎಸಿಯಲ್ಲಿ ಚಳಿಯಾಗುತ್ತೆ," ಅಂದರು ಡಾಕ್ಟರ್. ಸರಿಮಾಡಿದೆ. ಎರಡನೇ ಸಲವೂ ಕೈ ಅದೇ ಕೆಲಸ ಮಾಡಿತು. ಡಾಕ್ಟರ್ ನಕ್ಕು ತಾವೇ ಬಂದು ಎಳೆದು ಹೊದಿಸಿದರು. ಶಿಲ್ಪ ಕಿವಿಯಲ್ಲಿ, "ಗೊಂಬೆಗೆ ಸೆಕೆ ಆಯ್ತೈತೇನಕ್ಕ?" ಅಂದಳು. ಯಾಕೆ ಮಡಚುತ್ತೇನೆ ಎಂದು ಆ ಕ್ಷಣಕ್ಕೆ ನನಗೂ ಹೊಳೆಯಲಿಲ್ಲ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

ಸಂಜೆ ಬಿಡುವಾಗ ಡಾಕ್ಟರ್ ಒಂದು ಬಾಂಬು ಹಾಕಿದರು. ನಾಳೆಯ ಪರೀಕ್ಷೆಗೆ ಬಂಗು ಇರುವ ಒಬ್ಬ ಮಾಡೆಲ್ಲನ್ನು ನಾವೇ ಕರೆತರಬೇಕಂತೆ. ಅವರನ್ನು ಡಾಕ್ಟರ್ ಮೊದಲು ಪರೀಕ್ಷಿಸಿ ಒಪ್ಪಿದರೆ ಮಾತ್ರ ಪೀಲ್. ಉಳಿದವರು ಫೋನಿನಲ್ಲಿ ಚಿಕ್ಕಮ್ಮ, ಅತ್ತಿಗೆಯರನ್ನು ಗೊತ್ತುಮಾಡಿದರು. ನನಗೆ ಈ ಊರಿನಲ್ಲಿ ಈಗ ಯಾರಿದ್ದಾರೆ? ಕಾಲು ತಾನಾಗಿ ರೇಷ್ಮೆ ನೂಲು ಬಿಚ್ಚುವವರ ಹಳೆಯ ಬೀದಿಗೆ ನಡೆಯಿತು.

ವಿದ್ಯಾರ್ಥಿನಿಯಾಗಿದ್ದಾಗ ವಾರಕ್ಕೊಮ್ಮೆ ಆ ಬೀದಿಗೆ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದವರು ರುದ್ರಮ್ಮ ಸಿಸ್ಟರ್. ಆಗ ಮನೆಗೊಂದು ಒಲೆ, ಒಲೆಯ ಮೇಲೆ ಕುದಿಯುವ ನೀರು, ಆ ನೀರಿಗೆ ಬರಿಗೈ ಹಾಕಿ ಗೂಡಿನ ಎಳೆ ಹುಡುಕುವ ಹೆಂಗಸರು. ಬೆರಳ ಸಂದಿಗಳೆಲ್ಲ ಬಿಳಿಚಿ ಕೊಳೆತಿರುತ್ತಿದ್ದವು. ಈಗ ಅರ್ಧದಷ್ಟು ಮನೆಗಳಲ್ಲಿ ಯಂತ್ರ ಬಂದಿದೆ, ಒಂದೆರಡು ಕಡೆ ಬೇಕರಿ. ಹಳೆಯ ಬೇವಿನ ಮರ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ.

ಮೂಲೆಯ ಶೆಡ್ಡಿನಲ್ಲಿ ಇನ್ನೂ ಕುದಿನೀರಿನ ಬೇಸಿನ್ನಿನ ಮುಂದೆ ಕೂತಿದ್ದವಳು ಜಯಮ್ಮ. ನಾನು ಅವಳ ಅವ್ವನ ಕೈಗೆ ವಾರವಾರ ಪಟ್ಟಿ ಕಟ್ಟುತ್ತಿದ್ದಾಗ ಇವಳು ಲಂಗ ತೊಟ್ಟು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಈಗ ನಲವತ್ತು ದಾಟಿದೆ. ಎರಡೂ ಕೆನ್ನೆಯ ಮೇಲೆ ಅಂಗೈ ಅಗಲ ಬಂಗು. ಗುರುತು ಹೇಳಿದ್ದಕ್ಕೆ ಕೈ ಒರೆಸಿಕೊಂಡು ಎದ್ದುಬಂದು, "ಅಯ್ಯೋ ಸಿಸ್ಟರಕ್ಕ, ಕೂದ್ಲು ಎಂಗ್ ಬೆಳ್ಳಗಾಗ್ ಬುಟ್ಟೈತೆ," ಎಂದು ನನ್ನ ತಲೆ ಮುಟ್ಟಿದಳು. ಅವಳ ಬೆರಳು ಇನ್ನೂ ಬಿಸಿಯಾಗಿತ್ತು.

ವಿಷಯ ಹೇಳಿದೆ. ಅವಳು ಕೆನ್ನೆಯನ್ನೊಮ್ಮೆ ಸವರಿಕೊಂಡಳು. "ಮುಂದಿನ ತಿಂಗ್ಳು ಮಗ್ಳ ಮದ್ವೆ ಐತೆ ಕಣಕ್ಕ. ಈ ಮುಖ ಇಟ್ಕಂಡು ಬೀಗ್ರ ಎದ್ರುಗೆ ಧಾರೆ ಎರಿಯಕ್ಕೆ ನಂಗೂ ಒಂಥರಾ. ಒಸಿ ತಿಳಿ ಆದ್ರೂ ಸಾಕು. ಸುಟ್ಟು ಗಿಟ್ಟು ಓಗಾಕಿಲ್ಲ ತಾನೆ?"

"ನಾನಿದ್ದೀನಿ," ಅಂದೆ. ಹೇಳುವಾಗ ಸಲೀಸಾಗಿಯೇ ಬಂತು. ಅವಳು ಮುದ್ದೆ, ಹುರುಳಿಕಾಳಿನ ಉಪ್ಸಾರು ಬಡಿಸಿ ಕಳಿಸಿದಳು. ರಾತ್ರಿ ತಂಗಲು ಕೊಟ್ಟಿದ್ದ ಕಾಲೇಜಿನ ಹಾಸ್ಟೆಲ್ಲಿಗೆ ನಡೆದು ಬರುವಾಗ ಆ ಮಾತು ಹೊಟ್ಟೆಯಲ್ಲಿ ಮುದ್ದೆಗಿಂತ ಭಾರವಾಗಿ ಕೂತಿತ್ತು. ನನ್ನ ಕೋಣೆ, ನನ್ನ ಕುರ್ಚಿಗೆಂದು ಇವಳ ಮುಖವನ್ನು ಪಣಕ್ಕಿಟ್ಟೆನೇನೋ ಅನ್ನಿಸಿತು.

ಎರಡನೆಯ ದಿನ ಜಯಮ್ಮ ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು, ಮುಖ ಮಿರಿಮಿರಿ ಹೊಳೆಯುತ್ತಿತ್ತು. ಡಾಕ್ಟರ್ ಪರೀಕ್ಷಿಸಿ, ಫಾರಂ ಹಿಡಿದು ಕೇಳಿದರು: ಕ್ರೀಮ್ ಹಚ್ಚುತ್ತೀರಾ, ಈ ವಾರ ಫೇಶಿಯಲ್, ಬ್ಲೀಚ್ ಏನಾದರೂ? "ಅವೆಲ್ಲ ನಾನೆಲ್ಲಿ ಮಾಡುಸ್ಕಳ್ಳನ ಮೇಡಂ," ಅಂದಳು. ಸಹಿ ಹಾಕಿಸಿಕೊಂಡು ನನಗೆ ಒಪ್ಪಿಸಿದರು.

ಮಲಗಿಸಿ ಹೊದಿಸಿದೆ. ಕೈ ಮತ್ತೆ ಹೊದಿಕೆಯ ತುದಿಯನ್ನು ಮೇಲಕ್ಕೆ ಮಡಚಿತು, ಈ ಸಲ ಡಾಕ್ಟರ್ ಪಕ್ಕದ ಮಂಚದ ಕಡೆ ತಿರುಗಿದ್ದರು. ಕಣ್ಣಿಗೆ ಹತ್ತಿ ಇಟ್ಟು, ಹಣೆಯಿಂದ ಸವರುತ್ತ ಕೆನ್ನೆಗೆ ಬಂದೆ. ಶಿಲ್ಪ ಗಡಿಯಾರ ಒತ್ತಿದಳು. ಅರ್ಧ ನಿಮಿಷ.

"ಉರಿ ಎಷ್ಟೈತೆ ಜಯಮ್ಮ, ಹತ್ತಕ್ಕೆ?"

"ಏನಿಲ್ಲ ಬುಡಕ್ಕ."

ಶಿಲ್ಪ ಸೊನ್ನೆ ಬರೆದಳು. ಒಂದು ನಿಮಿಷ. ಮತ್ತೆ ಕೇಳಿದೆ. "ಏನಿಲ್ಲ," ಅಂದಳು, ದನಿ ಒಂದಿಷ್ಟೂ ಅಲುಗಲಿಲ್ಲ. ಮುಖವೂ ಅಲುಗಲಿಲ್ಲ. ನನ್ನ ಕಣ್ಣು ಮಾತ್ರ ಯಾರೋ ಹೇಳಿದಂತೆ ಅವಳ ಪಾದದ ಕಡೆ ಹೋಯಿತು. ಹತ್ತೂ ಬೆರಳು ಒಳಕ್ಕೆ ಮಡಚಿಕೊಂಡು ಹಾಸಿಗೆಯನ್ನು ಹಿಡಿದಿದ್ದವು. ಆಗ ನೆನಪಾಯಿತು. ಆ ಬೀದಿಯ ಮನೆಯೊಂದರಲ್ಲಿ ಇವಳ ಅವ್ವನ ಕೊಳೆತ ಕೈಗೆ ಔಷಧಿ ಹಚ್ಚುತ್ತ, ನೋಯುತ್ತದೆಯೇ ಎಂದು ನಾನು ಕೇಳಿ, ಇಲ್ಲ ಎಂದದ್ದನ್ನು ನಂಬಿ ಇನ್ನಷ್ಟು ಒತ್ತಿದ್ದೆ. ರುದ್ರಮ್ಮ ಸಿಸ್ಟರ್ ನನ್ನ ಗೆಣ್ಣಿಗೆ ಕತ್ತರಿಯ ಹಿಡಿಯಿಂದ ಹೊಡೆದಿದ್ದರು. "ದಿನಾ ಕುದಿಯೋ ನೀರ್ಗೆ ಕೈ ಅದ್ದೋರು ನೋವು ಅಂತ ಬಾಯ್ಬುಟ್ಟು ಯೋಳ್ತಾರೇನಮ್ಮಿ? ಅವರ್ ಕಾಲ್ ನೋಡು." ಅವತ್ತಿನಿಂದ ನಾನು ಯಾವ ರೋಗಿಯ ಪಾದವನ್ನೂ ಮುಚ್ಚಿರಲಿಲ್ಲ.

ಸೋಡಾ ನೀರಿನ ಹತ್ತಿ ಎತ್ತಿ ತಣಿಸತೊಡಗಿದೆ. ಶಿಲ್ಪ ಗಾಬರಿಯಾದಳು. "ಅಕ್ಕ, ಇನ್ನೂ ಒಂದೂಕಾಲು ನಿಮಿಷನೂ ಆಗಿಲ್ಲ, ಮಾರ್ಕ್ಸ್ ಹೋಯ್ತದೆ."

ಡಾಕ್ಟರ್ ಓಡಿ ಬಂದರು. ಸೊನ್ನೆ, ಸೊನ್ನೆ ಎಂದು ಬರೆದ ಕಾಗದ ನೋಡಿ, "ಯಾಕೆ ಸಿಸ್ಟರ್?" ಅಂದರು, ದನಿ ಖಾರವಾಗಿತ್ತು. ಜಯಮ್ಮನ ಮಡಚಿದ ಬೆರಳು ತೋರಿಸಿ, ಕಾಲು ನೋಡಿ ಎಂದಷ್ಟೇ ಹೇಳಿದೆ. ಅವರು ದೀಪದ ಭೂತಗನ್ನಡಿ ಎಳೆದು ನೋಡಿದರು. ಬಲಗೆನ್ನೆಯ ಮೂಳೆಯ ಮೇಲೆ ಚರ್ಮ ಆಗಲೇ ಬೂದುಬಣ್ಣಕ್ಕೆ ತಿರುಗಲು ಶುರುವಾಗಿತ್ತು, ಸುಡುವ ಮುಂಚಿನ ಗುರುತು ಅದು. ತಾವೇ ಇನ್ನೊಂದು ಹತ್ತಿ ತೆಗೆದುಕೊಂಡು ನನ್ನ ಜೊತೆ ತಣಿಸಿದರು, ಐಸ್ ಇಟ್ಟರು.

ಆಮೇಲೆ ಜಯಮ್ಮನನ್ನು ಕೂರಿಸಿ ಬಿಡಿಸಿ ಕೇಳಿದಾಗ ಹೊರಬಿತ್ತು. ಡಾಕ್ಟರ ಮುಂದೆ ಕೊಳೆ ಮುಖ ಇಟ್ಟುಕೊಂಡು ಕೂರುವುದು ಹೇಗೆಂದು ಬೆಳಿಗ್ಗೆ ಕಡಲೆಹಿಟ್ಟು ಹಚ್ಚಿ ತೆಂಗಿನ ನಾರಿನಲ್ಲಿ ಗಸಗಸ ಉಜ್ಜಿ ತೊಳೆದು ಬಂದಿದ್ದಳು. ಉಜ್ಜಿದ ಚರ್ಮಕ್ಕೆ ಪೀಲ್ ಆಳಕ್ಕೆ ಇಳಿದಿತ್ತು. "ಅದು ಫೇಶಿಯಲ್ ಅಲ್ವಲ್ಲ ಮೇಡಂ, ಮುಖ ತೊಳ್ಯಾದು," ಅಂದಳು. ಉರಿ ಯಾಕೆ ಹೇಳಲಿಲ್ಲ ಎಂದಿದ್ದಕ್ಕೆ ನನ್ನ ಕಡೆ ನೋಡಿ, "ಪಾಪ, ಸಿಸ್ಟರಕ್ಕನ ಪರೀಕ್ಷೆ ಕೆಡ್ತದೆ ಅನ್ಕಂಡೆ," ಅಂದಳು. ನನಗೆ ಅಳು ಬಂತು. ಬಸ್ಸಿನಲ್ಲಿ ಉಳಿದಿದ್ದ ಅಳು ಇಲ್ಲಿ ಖರ್ಚಾಯಿತು.

ಐಸ್ ಇಟ್ಟ ಮೇಲೆ ಬೂದು ಇಳಿದು ಮುಖ ಕೆಂಪಾಗಿತ್ತು, ಅಷ್ಟೇ. ಸುಟ್ಟಿಲ್ಲ, ಮೂರ್ನಾಲ್ಕು ದಿನ ಬಿಸಿಲು ಮತ್ತು ಒಲೆಯ ಹಬೆಯಿಂದ ದೂರವಿರಿ, ಮದುವೆಯ ಹೊತ್ತಿಗೆ ಏನೂ ಗುರುತಿರುವುದಿಲ್ಲ ಎಂದು ಡಾಕ್ಟರ್ ಭರವಸೆ ಕೊಟ್ಟು ತಮ್ಮ ಫೋನ್ ನಂಬರನ್ನೂ ಕೊಟ್ಟರು. ನನ್ನ ಪ್ರಾಕ್ಟಿಕಲ್ ಮಾತ್ರ ಅರ್ಧವಾಗಿತ್ತು. ಊಟವಾದ ಮೇಲೆ ಶಿಲ್ಪ ತನ್ನ ಮುಂಗೈಯನ್ನೇ ಚಾಚಿದಳು, ಅದರ ಮೇಲೆ ಮೂರು ನಿಮಿಷ ಪೂರೈಸಿ ಪಾಸಾದೆ. ಅವಳು ಹತ್ತಕ್ಕೆ ಎರಡು ಅಂದಳು, ಆದರೂ ನಾನು ಅವಳ ಕಾಲು ನೋಡಿದೆ. ಮುಗಿಯುವ ಮೊದಲು ಡಾಕ್ಟರ್ ಬೋರ್ಡಿನ ಕೆಳಗೆ ಒಂದು ಸಾಲು ಸೇರಿಸಿದರು: ಪಾದ ಮುಚ್ಚಬೇಡಿ. ಹುಡುಗಿಯರೆಲ್ಲ ತಲೆ ತಗ್ಗಿಸಿ ಬರೆದುಕೊಂಡರು.

ಸರ್ಟಿಫಿಕೇಟ್ ಚೀಲಕ್ಕೆ ಸೇರಿದ ಮೇಲೆ ಮಾಗಡಿ ಬಸ್ಸಿಗೆ ಹೋಗಲು ಕಾಲು ಏಳಲಿಲ್ಲ. ಚನ್ನಪಟ್ಟಣ ಹನ್ನೆರಡು ಕಿಲೋಮೀಟರ್, ರುದ್ರಮ್ಮ ಸಿಸ್ಟರ್ ಅಲ್ಲಿ ತಂಗಿಯ ಮಗಳ ಮನೆಯಲ್ಲಿದ್ದರು. ಹೋಗಬೇಕು ಹೋಗಬೇಕು ಎಂದು ಏಳು ವರ್ಷ ತಳ್ಳಿದ್ದೆ. ಹಳೆಯ ರಸ್ತೆಯ ಬಸ್ಸು ಹಿಡಿದೆ. ಹೊಸ ಹೆದ್ದಾರಿ ಊರ ಹೊರಗೆ ಸರಿದ ಮೇಲೆ ಬೊಂಬೆ ಅಂಗಡಿಗಳ ಮುಂದೆ ಕಾರುಗಳು ಕಡಿಮೆ, ಮರದ ಕುದುರೆಗಳು ಸಾಲಾಗಿ ರಸ್ತೆ ನೋಡುತ್ತ ನಿಂತಿದ್ದವು. ಅರ್ಧ ಡಜನ್ ಮೂಸಂಬಿ ಕೊಂಡು ವಿಳಾಸ ಕೇಳುತ್ತ ನಡೆದೆ.

ಸಿಸ್ಟರ್ ಜಗುಲಿಯ ಮೇಲೆ ಕೂತಿದ್ದರು. ಎಂಬತ್ತರ ಹತ್ತಿರ, ಮೈ ಇಳಿದಿತ್ತು, ಕಣ್ಣು ಮಾತ್ರ ಹಾಗೇ ಇತ್ತು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಗಿರಿಜ. ಮಾಗಡಿ ಅಳುಬುರುಕಿ," ಅಂದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಜಯಮ್ಮನ ಅವ್ವನನ್ನು ನೆನೆದರು, ಯಾವ ಕೈಯ ಯಾವ ಬೆರಳು ಮೊದಲು ಕೆಟ್ಟಿತ್ತು ಎಂದೂ ಹೇಳಿದರು. "ಕತ್ತರೀಲಿ ಒಡ್ದಿದ್ದು ಇನ್ನೂ ನೆನ್ಪೈತಾ? ಜೋರಾಗ್ ಬಿದ್ದಿತ್ತೇನಮ್ಮಿ?" ಎಂದು ನನ್ನ ಗೆಣ್ಣು ಸವರಿದರು. ಸರ್ಟಿಫಿಕೇಟನ್ನು ಕಣ್ಣಿಗೆ ಹತ್ತಿರ ಹಿಡಿದು ನಿಧಾನವಾಗಿ ಓದಿ, ಮಡಚದೆ ವಾಪಸ್ಸು ಕೊಟ್ಟರು.

ಕಾಫಿ ಮುಗಿಯಿತು, ಬಿಸಿಲು ಇಳಿಯಿತು. ರಾಮನಗರಕ್ಕೆ ಹೋಗಿ ಮಾಗಡಿಯ ಬಸ್ಸು ಹಿಡಿಯಬೇಕೆಂದು ಎದ್ದು ಚಪ್ಪಲಿ ಮೆಟ್ಟಿದೆ. ಅವರು ಕಂಬ ಹಿಡಿದು ಜಗುಲಿಯ ಅಂಚಿನವರೆಗೆ ಬಂದರು.

"ಓಯ್ತೀಯಾ? ಇನ್ಯಾವಾಗ ಬತ್ತೀಯೋ. ಬೇಜಾರಾಯ್ತೈತಾ?"

"ಏನಿಲ್ಲ ಬುಡಿ ಸಿಸ್ಟರ್," ಅಂದೆ. "ಇಲ್ಲೇ ಅಲ್ವ ಮಾಗಡಿ. ಬತ್ತಿರ್ತೀನಿ."

ಅವರು ಕಂಬಕ್ಕೆ ಒರಗಿ, ಕತ್ತು ಬಗ್ಗಿಸಿ ನನ್ನ ಕಾಲು ನೋಡಿದರು. ಅವರ ಜೊತೆ ನಾನೂ ನೋಡಿದೆ. ಹತ್ತೂ ಬೆರಳು ಚಪ್ಪಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದವು.

ಚಪ್ಪಲಿ ಬಿಟ್ಟು ಮತ್ತೆ ಒಳಗೆ ಹೋದೆ. ಮಾಗಡಿಗೆ ಬೆಳಿಗ್ಗೆಯೂ ಬಸ್ಸಿತ್ತು.