ಹಳೆಯದೇ ಇರಲಿ ಎಂದು ಬರೆದುಕೊಟ್ಟೆ

ಆ ವರ್ಷಗಳಲ್ಲಿ ನಮ್ಮ ಕಡೆ ಏನು ಕೆಟ್ಟರೂ ಧೂಳಿನ ಮೇಲೆ ಹಾಕಿಬಿಡುತ್ತಿದ್ದೆವು. ಫ್ಯಾನು ತಿರುಗದಿದ್ದರೆ ಧೂಳು, ಕೆಮ್ಮು ಬಿಡದಿದ್ದರೆ ಧೂಳು, ಒಗೆದು ಹಾಕಿದ ಬಿಳಿ ಅಂಗಿ ಕೆಂಪಗೆ ಒಣಗಿದರೆ ಅದಂತೂ ಧೂಳೇ. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಹೊಸಪೇಟೆಯ ಕಡೆಗೆ ಒಂದರ ಹಿಂದೊಂದು ಇಳಿಯುತ್ತಿದ್ದವು. ನಾನು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಸ್ಕೂಟಿಯಲ್ಲಿ ಬ್ಲೋವರ್ ಇಟ್ಟುಕೊಂಡು ಹೋಗಿ, ಕ್ಯಾಬಿನೆಟ್ ಬಿಚ್ಚಿ ಧೂಳು ಊದಿದರೆ ಅರ್ಧ ರೋಗ ವಾಸಿಯಾಗುತ್ತಿತ್ತು. ಹಾಗಾಗಿ ಧೂಳಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ಜಂಬವೂ ಇತ್ತು.

ಸಂಡೂರು ರಸ್ತೆಯಲ್ಲಿ ಲಾರಿ ತೂಗುವ ಒಂದು ವೇಬ್ರಿಡ್ಜ್ ಇತ್ತು. ಅದರ ಹಿಂದಿನ ಕೋಣೆಯಲ್ಲಿ ಒಂದು ಸರ್ವರ್, ಅಂದರೆ ಅಲ್ಲಿನ ಉಳಿದೆಲ್ಲ ಕಂಪ್ಯೂಟರುಗಳು ನೆಚ್ಚಿಕೊಂಡಿದ್ದ ದೊಡ್ಡ ಮಿಷನ್ನು. ಒಂದು ಬೇಸಿಗೆಯಲ್ಲಿ ಅದು ಆಗಾಗ ಕೈಕೊಡತೊಡಗಿತು. ಮಾಲೀಕರು ಹೊಸ ಮಿಷನ್ನು ತರಿಸಿದರು. ಅದರೊಳಗೆ ಯಾವ ಆಪರೇಟಿಂಗ್ ಸಿಸ್ಟಂ ಹಾಕುವುದು ಎಂಬ ಪ್ರಶ್ನೆ ಬಂತು. ಹಳೆಯದನ್ನು ಅದು ಬಂದ ಇಸವಿ ಹಿಡಿದು ನಾವು ಅಂಗಡಿಯಲ್ಲಿ ‘ಎರಡು ಸಾವಿರ’ ಎನ್ನುತ್ತಿದ್ದೆವು, ಹೊಸದನ್ನು ‘ಎರಡು ಸಾವಿರದ ಮೂರು’. ಮಾಲೀಕರು ಕಂಪ್ಲಿ ಕಡೆಯ ಅಕ್ಕಿ ಗಿರಣಿಯವರು, ಲಾರಿಗಳ ಓಡಾಟ ನೋಡಿ ಈ ಕಸುಬಿಗೆ ಕೈಹಾಕಿದವರು. ಬರೀ ಮೂರು ಹೆಚ್ಚಾಗಿದ್ದಕ್ಕೆ ಇಷ್ಟು ಯೋಚನೆ ಯಾಕೆ ಎಂದು ನಕ್ಕರು. ಎರಡನ್ನೂ ನೋಡಿ ಯಾವುದು ಒಳ್ಳೆಯದೋ ಒಂದು ಹಾಳೆಯಲ್ಲಿ ಬರೆದುಕೊಡು, ಅದನ್ನೇ ಹಾಕಿಸೋಣ ಎಂದು ನನಗೇ ಬಿಟ್ಟರು.

ನನಗೆ ಯೋಚನೆಯೇ ಇರಲಿಲ್ಲ. ಹೊಸದೇ. ಹಳೆಯ ಸಿಸ್ಟಂಗೆ ಹೊಸ ಮಿಷನ್ನಿನ ಬಿಡಿಭಾಗಗಳ ಗುರುತು ಸಿಗುತ್ತಿರಲಿಲ್ಲ, ವೈರಸ್ ತಡೆಯುವ ಶಕ್ತಿಯೂ ಕಡಿಮೆ. ಇನ್ನು ಕೆಲವು ವರ್ಷಗಳಲ್ಲಿ ಅದನ್ನು ತಯಾರಿಸಿದವರೇ ಕೈಬಿಡುವವರಿದ್ದರು. ಹಳೆಯದರ ಪರವಾಗಿ ಇದ್ದದ್ದು ತೂಕದ ಪ್ರೋಗ್ರಾಂ ಒಂದೇ. ಅದು ಕಪ್ಪು ಪರದೆಯದು, ಪೂರ್ತಿ ಕೀಬೋರ್ಡಿನಲ್ಲಿ ನಡೆಯುವಂಥದ್ದು. ಹೊಸ ಸಿಸ್ಟಂಗಾದರೆ ಆ ಪ್ರೋಗ್ರಾಂ ಬರೆದವರು ಮೌಸ್ ಹಿಡಿದು ಒತ್ತುವ ಬಣ್ಣಬಣ್ಣದ ಪ್ರೋಗ್ರಾಂ ಮಾತ್ರ ಕೊಡುತ್ತಿದ್ದರು. ಬಣ್ಣ ಇದ್ದರೆ ಯಾರಿಗೆ ಬೇಸರ ಎಂದುಕೊಂಡೆ.

ವೇಬ್ರಿಡ್ಜಿನ ಆಪರೇಟರ್ ಐವತ್ತರ ಆಸುಪಾಸಿನವರು, ಚಿತ್ತವಾಡ್ಗಿಯಿಂದ ಆಟೋದಲ್ಲಿ ಬಂದು ಹೋಗುತ್ತಿದ್ದರು. ನಾನು ಅವರಿಗೆ ಅಣ್ಣ ಎನ್ನುತ್ತಿದ್ದೆ, ಅವರು ನನಗೆ ಮೇಡಂ. ಕೆಲಸದಲ್ಲಿ ಅವರ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ಕಿಟಕಿಗೆ ಮುಖ ಮಾಡಿ ಕುಳಿತು, ಡ್ರೈವರು ಕೂಗಿದ ಲಾರಿ ನಂಬರನ್ನು ಪರದೆ ನೋಡದೆ ಹೊಡೆಯುತ್ತಿದ್ದರು. ಹಳೆಯ ಪ್ರೋಗ್ರಾಂ ಖಾಲಿ ಲಾರಿಗೆ ಒಂದು ಸಲ ಕುಂಯ್ ಎನ್ನುತ್ತಿತ್ತು, ತುಂಬಿದ ಲಾರಿಗೆ ಎರಡು ಸಲ, ತಪ್ಪಾದರೆ ಉದ್ದಕ್ಕೆ. ಆ ಸದ್ದು ಕೇಳಿಯೇ ಚೀಟಿ ಹರಿದು ಕೊಟ್ಟುಬಿಡುತ್ತಿದ್ದರು.

ನಾನು ಹೊಸ ಸಿಸ್ಟಂ ಹಾಕಿದ ಒಂದು ಕಂಪ್ಯೂಟರನ್ನು ಎರಡು ದಿನದ ಪರೀಕ್ಷೆಗೆಂದು ಅವರ ಮುಂದಿಟ್ಟೆ. ಮೌಸ್ ಕೈಗೆ ಕೊಟ್ಟೆ. ಪರದೆಯ ಮೇಲಿನ ಬಾಣ ಎಲ್ಲಿ ಹೋಯಿತು ಎಂದು ಕೇಳಿದರು. ತೋರಿಸಿದೆ. ಒಂದು ಕ್ಷಣ ಬಿಟ್ಟು ಮತ್ತೆ ಕೇಳಿದರು. ತಲೆಯನ್ನು ಅತ್ತ ಇತ್ತ ತಿರುಗಿಸಿ, ಬಿದ್ದ ಸೂಜಿ ಹುಡುಕುವವರಂತೆ ಹುಡುಕಿದರು. ಹೊರಗೆ ಲಾರಿಗಳ ಸಾಲು ಉದ್ದವಾಯಿತು, ಹಾರ್ನುಗಳು ಶುರುವಾದವು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಕಲಿಯುವ ಮನಸ್ಸಿಲ್ಲದಿದ್ದರೆ ಹೇಳಿಬಿಡಿ, ನನ್ನ ಹೊತ್ತನ್ನು ಯಾಕೆ ಹಾಳು ಮಾಡುತ್ತೀರಿ ಎಂದು ಡ್ರೈವರುಗಳ ಎದುರಿಗೇ ಅಂದುಬಿಟ್ಟೆ. ಅವರು ಹಳೆಯ ಕೀಬೋರ್ಡನ್ನು ಎಳೆದುಕೊಂಡು ಸಾಲು ಕರಗಿಸಿದರು.

ಎರಡನೆಯ ದಿನ ಮಧ್ಯಾಹ್ನ ನನ್ನ ಹಾಳೆಯನ್ನು ಅವರಿಗೂ ತೋರಿಸಿದೆ. ಎಡಕ್ಕೆ ಹಳೆಯದರ ಗುಣ, ಬಲಕ್ಕೆ ಹೊಸದರ ಗುಣ. ಒಂದಕ್ಷರ ತಪ್ಪದೆ ಓದಿದರು. ಅಷ್ಟರಲ್ಲಿ ಹೋಟೆಲಿನಿಂದ ಚಹಾ ಬಂತು, ಅವರ ಮೊಣಕೈ ಹತ್ತಿರ ಲೋಟ ಇಟ್ಟೆ. ಅವರು ಕೈ ತಿರುಗಿಸಿದ್ದೇ ತಡ, ಚಹಾ ಹಾಳೆಯ ಮೇಲೆಲ್ಲ ಹರಿಯಿತು. ಎರಡು ದಿನದಲ್ಲಿ ಹಾಗೆ ಉರುಳಿದ ಮೂರನೆಯ ಲೋಟ ಅದು. ಬೈಯಲು ಬಾಯಿ ತೆರೆದವಳು ಅವರ ಮುಖ ನೋಡಿ ಸುಮ್ಮನಾದೆ. ಅಷ್ಟು ಹೆದರಿದ ಮುಖವನ್ನು ನಾನು ಆ ಕೋಣೆಯಲ್ಲಿ ನೋಡಿರಲಿಲ್ಲ.

“ಎದುರಿಗಿದ್ದದ್ದು ಚೊಲೋ ಕಾಣ್ತೈತ್ರಿ ಮೇಡಂ,” ಎಂದರು ಮೆಲ್ಲಗೆ. “ಬಾಜೂಕಿದ್ದದ್ದು ಕಾಣಂಗಿಲ್ಲ. ಊದುಗೊಳವ್ಯಾಗ ಹಣಿಕಿ ನೋಡಿದಂಗ ಆಗೈತಿ. ಧೂಳು ಹೊಕ್ಕೈತಿ, ಮತ್ತೇನಿಲ್ಲ. ಸಾವ್ಕಾರ್ರಿಗೆ ಗೊತ್ತಾದ್ರ ನಾಳಿಂದ ಬರಬ್ಯಾಡ ಅಂತಾರ. ಹಳೇದ ಇರ್ಲಿ ಅಂತ ಬರೀರಿ.”

ಮಗಳ ಓದು ಮುಗಿಯಲು ಇನ್ನೂ ಎರಡು ವರ್ಷ ಬೇಕು ಎಂದೂ ಹೇಳಿದರು. ನನಗೆ ನಾಚಿಕೆಯಾಯಿತು. ಬಾಣ ಕಾಣದವರಿಗೆ ಮನಸ್ಸಿಲ್ಲ ಎಂದು ನಾಲ್ಕು ಜನರ ಮುಂದೆ ಅಂದಿದ್ದೆನಲ್ಲ. ಧೂಳು ಎಂದದ್ದನ್ನು ಒಂದಿಷ್ಟೂ ಅನುಮಾನಿಸಲಿಲ್ಲ. ಸಂಜೆ ಮನೆಗೆ ಹೋದ ಮೇಲೆ ತಣ್ಣೀರಲ್ಲಿ ಕಣ್ಣು ತೊಳೆಯಿರಿ, ಆಟೋದಲ್ಲಿ ಬರುವಾಗ ಕನ್ನಡಕ ಹಾಕಿಕೊಳ್ಳಿ ಎಂದು ದೊಡ್ಡ ವೈದ್ಯೆಯಂತೆ ಬುದ್ಧಿ ಬೇರೆ ಹೇಳಿದೆ.

ಆಮೇಲೆ ಹೊಸ ಹಾಳೆ ತೆಗೆದುಕೊಂಡೆ. ಹಳೆಯ ಸಿಸ್ಟಂ ಇದ್ದರೆ ತೂಕದ ಕೆಲಸ ಬೇಗ ಸಾಗುತ್ತದೆ, ಲಾರಿಗಳು ನಿಲ್ಲುವುದಿಲ್ಲ, ಈಗಿರುವವರಿಗೆ ಮತ್ತೆ ಕಲಿಸಬೇಕಾಗಿಲ್ಲ, ಆದ್ದರಿಂದ ಸದ್ಯಕ್ಕೆ ಹಳೆಯದೇ ಇರಲಿ ಎಂದು ಬರೆದೆ. ಬರೆದದ್ದರಲ್ಲಿ ಒಂದೂ ಸುಳ್ಳಲ್ಲ. ಕಣ್ಣಿನ ಮಾತನ್ನು ಮಾತ್ರ ಬಿಟ್ಟಿದ್ದೆ. ಮಾಲೀಕರು ಓದಿ, ನಾನು ಮೊದಲೇ ಹೇಳಲಿಲ್ಲವೇ ಎಂದರು. ಹಳೆಯದನ್ನು ಹೊಸ ಮಿಷನ್ನಿಗೆ ಒಗ್ಗಿಸಲು ಮೂರು ದಿನ ಒದ್ದಾಡಿದೆ. ಕೊನೆಗೆ ಮೊದಲ ಕುಂಯ್ ಕೇಳಿದಾಗ ಅಣ್ಣ ನನ್ನ ಕಡೆ ಪೂರ್ತಿ ತಿರುಗಿ ನಕ್ಕರು. ಮರುದಿನ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದರು. ಯಾರಿಗೂ ಹೇಳದೆ ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ನನಗೆ ಬಹಳ ದಿನ ಖುಷಿಯಿತ್ತು.

ಎರಡು ತಿಂಗಳಿಗೊಮ್ಮೆ ಸರ್ವರಿನ ಧೂಳು ಊದಲು ಹೋಗುತ್ತಿದ್ದೆ. ಅದೊಂದನ್ನು ತಪ್ಪಿಸಿದವಳಲ್ಲ. ಕಣ್ಣು ಹೇಗಿದೆ ಎಂದು ಕೇಳಿದರೆ ಹಂಗ ಐತಿ ಎನ್ನುತ್ತಿದ್ದರು. ನಾನು ಕ್ಯಾಬಿನೆಟ್ ಮುಚ್ಚಿ, ಸ್ಕ್ರೂ ಬಿಗಿದು ಹೊರಡುತ್ತಿದ್ದೆ.

ಎರಡು ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ ಅವರು ಕೋಣೆಯಿಂದ ಹೊರಗೆ ಕಾಲಿಟ್ಟಾಗ ಪಕ್ಕದಿಂದ ಹಿಂದಕ್ಕೆ ಬರುತ್ತಿದ್ದ ಲಾರಿ ಕಾಣಲಿಲ್ಲ. ಇನ್ನೊಬ್ಬ ಡ್ರೈವರು ಅಂಗಿ ಹಿಡಿದು ಎಳೆದದ್ದಕ್ಕೆ ಜೀವ ಉಳಿಯಿತು. ವಿಷಯ ಮಾಲೀಕರಿಗೆ ತಿಳಿಯಿತು. ಅವರೇ ಕಣ್ಣಿನ ಆಸ್ಪತ್ರೆಗೆ ಕಳಿಸಿದರು. ಇದು ಧೂಳಲ್ಲ, ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸೋತಿದೆ ಎಂದರಂತೆ ಡಾಕ್ಟರು. ಹೋದ ದೃಷ್ಟಿ ಮರಳುವುದಿಲ್ಲ, ಎರಡು ವರ್ಷ ಮೊದಲೇ ಬಂದಿದ್ದರೆ ಹನಿ ಹಾಕಿ ಆಗ ಇದ್ದಷ್ಟನ್ನಾದರೂ ಉಳಿಸಿಕೊಳ್ಳಬಹುದಿತ್ತು ಎಂದೂ ಹೇಳಿದರಂತೆ.

ಸುದ್ದಿ ಕೇಳಿ ಚಿತ್ತವಾಡ್ಗಿಗೆ ಹೋದೆ. ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದರು. ನನ್ನ ದನಿ ಕೇಳಿದ ಮೇಲೆ ಗುರುತು ಹಿಡಿದು, ಬಾ ತಂಗಿ ಕುಂದ್ರು ಎಂದರು. ಮೇಡಂ ಹೋಗಿ ತಂಗಿ ಆಗಿದ್ದೆ. ನನಗೆ ತಡೆಯಲಾಗಲಿಲ್ಲ. ಅವತ್ತು ನಾನು ಹೊಸದೇ ಹಾಕಿ ಎಂದು ಬರೆದಿದ್ದರೆ ವಾರದೊಳಗೆ ಎಲ್ಲ ಬಯಲಾಗಿ ನೀವು ಆಸ್ಪತ್ರೆ ಸೇರುತ್ತಿದ್ದಿರಿ, ನಿಮ್ಮ ಕಣ್ಣು ಹೋದದ್ದು ನನ್ನಿಂದ ಎಂದು ಹೇಳಿ ಅತ್ತೆ. ಮಗಳು ಚಹಾ ತಂದು ಲೋಟವನ್ನು ಅವರ ಎರಡೂ ಕೈಗಳ ನಡುವೆ ಇಟ್ಟು ಹೋದಳು. ಅವಳಿಗೆ ಆ ತಿಂಗಳಷ್ಟೇ ತೋರಣಗಲ್ಲಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಅವರು ಚಹಾ ಮುಗಿಸಿ ಲೋಟವನ್ನು ಕಟ್ಟೆಯ ಮೇಲಿಟ್ಟರು.

“ಬರೀರಿ ಅಂದಾಂವ ನಾನ,” ಎಂದರು. “ಅಕಿ ಓದು ಮುಗೀತು. ಅದನ್ನೂ ಲೆಕ್ಕಕ್ಕ ಹಿಡಿ.” ಆಮೇಲೆ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿ, “ನೀನೂ ಅದ ಧೂಳಾಗ ತಿರುಗಾಕಿ, ತಂಗಿ. ಒಮ್ಮೆ ಡಾಕ್ಟರಿಗೆ ಕಣ್ಣು ತೋರ್ಸು. ಧೂಳು ಅಂತ ಬಿಡಬ್ಯಾಡ,” ಎಂದರು.

ನಾನು ಹೂಂ ಎಂದೆ. ಡಾಕ್ಟರಿಗೆ ತೋರಿಸಿ ಎನ್ನುವುದು ಎಷ್ಟು ಸಣ್ಣ ಮಾತು. ಎರಡು ವರ್ಷ ಅವರ ಪಕ್ಕದಲ್ಲೇ ನಿಂತು ಸರ್ವರಿನ ಧೂಳು ಊದಿದವಳಿಗೆ ಒಂದು ದಿನವೂ ಅದು ಬಾಯಿಗೆ ಬಂದಿರಲಿಲ್ಲ.